ದಸರಾ ಕಳೆದ ಮೇಲೆ ಕುಂಡಕ್ಕೆ ಕೊತ್ತಂಬರಿ

ಹಿಂಗಾರು ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಬೆಳಗಿನ ಚಳಿ ಮಾತ್ರ ಶುರುವಾಗಿದೆ. ಬೆಂಗಳೂರು, ಮೈಸೂರು ಕಡೆ ತಾರಸಿಯಲ್ಲಿ ಸೊಪ್ಪು ಬೆಳೆಯುವವರಿಗೆ ಹೇಳಿ ಮಾಡಿಸಿದ ಕಾಲ ಇದು.

ಕೊತ್ತಂಬರಿ ಹುಟ್ಟುವುದೇ ಇಲ್ಲ ಎಂದು ಗೊಣಗುವವರೇ ಹೆಚ್ಚು. ಬೀಜವನ್ನು ಹಾಗೇ ಚೆಲ್ಲಬೇಡಿ. ಅಡುಗೆಮನೆಯ ಧನಿಯಾ ಆದರೂ ಸರಿ, ಹಳೆಯದಾಗಿರಬಾರದು, ಹುರಿದದ್ದಂತೂ ಆಗದು. ಕಾಳುಗಳನ್ನು ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರೆ ಎರಡು ಹೋಳಾಗುತ್ತವೆ; ಒಂದೊಂದು ಹೋಳಿನಲ್ಲೂ ಒಂದೊಂದು ಬೀಜವಿರುತ್ತದೆ. ಜೋರಾಗಿ ಒತ್ತಿದರೆ ಅದು ಸಾರಿನ ಪುಡಿಗಷ್ಟೇ ಲಾಯಕ್ಕು! ರಾತ್ರಿಯಿಡೀ ನೆನೆಸಿ, ಬಸಿದು, ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆಗೆ 10ರಿಂದ 15 ದಿನ ಬೇಕು. ಅಷ್ಟರಲ್ಲಿ ತಾಳ್ಮೆಗೆಟ್ಟು ಮಣ್ಣು ಕೆದಕಬೇಡಿ. ಅವಸರದವರು ಪಕ್ಕದ ಕುಂಡಕ್ಕೆ ಮೆಂತ್ಯ ಹಾಕಿಕೊಳ್ಳಲಿ, ಒಂದು ವಾರದೊಳಗೆ ತಲೆ ಎತ್ತುತ್ತದೆ.

ಸಂಜೆಯ ಜಡಿಮಳೆಗೆ ಮೇಲ್ಮಣ್ಣು ಗಟ್ಟಿಯಾಗುತ್ತದೆ, ನೀರು ನಿಂತರೆ ಎಳೆಯ ಸಸಿಗಳ ಬುಡ ಕೊಳೆತು ಮಲಗುತ್ತವೆ. ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ನೋಡಿ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿದರೆ ಸಡಿಲವಾಗಿರುತ್ತದೆ. ಮಳೆ ಬಂದ ಮರುದಿನ ಬೆರಳಿನಿಂದ ತೇವ ನೋಡದೆ ನೀರು ಹಾಕಬೇಡಿ.

ಮೂಲಂಗಿ, ಕ್ಯಾರೆಟ್ ಬೀಜವನ್ನು ನೇರವಾಗಿ ಆಳದ ಕುಂಡಕ್ಕೇ ಹಾಕಿ. ಸಸಿ ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತದೆ.

ಅವರೆ ಬಳ್ಳಿ ಇದ್ದವರು ಹೂಗೊಂಚಲಿನ ತುದಿಯನ್ನು ಪರೀಕ್ಷಿಸಿ. ಕಪ್ಪು ಹೇನು ಮುತ್ತಿದ್ದರೆ ಮೊದಲು ನೀರು ಚಿಮ್ಮಿಸಿ ತೊಳೆಯಿರಿ. ಹೋಗದಿದ್ದರೆ ಮಾತ್ರ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಬಿಸಿಲಿಳಿದ ಮೇಲೆ ಸಿಂಪಡಿಸಿ.