ಸ್ಕೂಬಾ ಹಾರ್ನೆಸ್: ತೊಡುವಾಗಲೂ ಬಿಚ್ಚುವಾಗಲೂ ಭುಜ ಉಳಿಸಿಕೊಳ್ಳಿ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಸದಾ ಕಾಣುವ ದೃಶ್ಯ: ಒಂದು ತೋಳು ಸಿಲಿಂಡರನ್ನು ಬೆನ್ನಿಗೆ ಕಟ್ಟುವ ಪಟ್ಟಿಗಳ ಹಾರ್ನೆಸ್ಸಿನೊಳಗೆ, ಇನ್ನೊಂದು ಬೆನ್ನ ಹಿಂದೆ ಪಟ್ಟಿ ಹುಡುಕುತ್ತ ತಡಕಾಡುತ್ತಿರುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಗೋವಾಕ್ಕೋ ಮುರುಡೇಶ್ವರಕ್ಕೋ ಹೋಗಿ ಡೈವಿಂಗ್ ಕಲಿತು, ಈಗ ಸ್ವಂತಕ್ಕೊಂದು ಬ್ಯಾಕ್‌ಪ್ಲೇಟ್ (ಪಟ್ಟಿಗಳನ್ನು ಪೋಣಿಸುವ, ಬೆನ್ನ ಮೇಲಿನ ಲೋಹದ ಫಲಕ) ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ತಪ್ಪು ತೋಳಿನದಲ್ಲ, ಪಟ್ಟಿಯ ಅಳತೆಯದು.

ಅಳತೆ ಮನೆಯಲ್ಲೇ ಆಗಲಿ

ಶಾಲೆಯ ಚೀಲದ ಹಾಗೆ ಭುಜದ ಪಟ್ಟಿಯನ್ನು ಬಿಗಿಯುವವರೇ ಹೆಚ್ಚು. ನೀರಿನೊಳಗೆ ಭುಜದ ಮೇಲೆ ಭಾರವೇ ಇರುವುದಿಲ್ಲ. ಸಿಲಿಂಡರನ್ನು ಅಲ್ಲಾಡದಂತೆ ಹಿಡಿಯುವುದು ಸೊಂಟದ ಪಟ್ಟಿ ಮತ್ತು ಕಾಲಸಂದಿಯಿಂದ ಬರುವ ಲಂಗೋಟಿ ಪಟ್ಟಿ. ಹಾಗಾಗಿ ಭುಜದ್ದು ಸಡಿಲವಿರಬೇಕು: ಅಂಗೈ ಚಪ್ಪಟೆಯಾಗಿ ಒಳಗೆ ಸರಿಯಬೇಕು, ಹೆಬ್ಬೆರಳಿನಿಂದ ಎಳೆದರೆ ಸುಮಾರು 5 ಸೆಂ.ಮೀ. ಎದ್ದು ಬರಬೇಕು. ಕತ್ತಿನ ಹಿಂದೆ ಕೈ ಹಾಕಿದರೆ ಪ್ಲೇಟಿನ ಮೇಲಂಚು ಬೆರಳ ತುದಿಗೆ ಸಿಗಬೇಕು. ಸಿಗದಿದ್ದರೆ ಪ್ಲೇಟ್ ತೀರಾ ಕೆಳಗಿದೆ.

ಈ ಅಳತೆಯನ್ನು ಡೈವಿಂಗಿನ ದಪ್ಪ ರಬ್ಬರ್ ಉಡುಪಾದ ವೆಟ್‌ಸೂಟ್ ತೊಟ್ಟೇ ನೋಡಿ. ವಿಜಯಪುರದ ಬಿಸಿಲಿನಲ್ಲಿ ಅದು ಶಿಕ್ಷೆಯೇ ಸರಿ, ಬೆಳಿಗ್ಗೆ ಬೇಗ ಮುಗಿಸಿಕೊಳ್ಳಿ. ಬನಿಯನ್ ಮೇಲೆ ಅಳೆದ ಹಾರ್ನೆಸ್ ದೋಣಿಯಲ್ಲಿ ಉಸಿರು ಕಟ್ಟಿಸುತ್ತದೆ. ಬಕಲ್ ಹೊಕ್ಕುಳಿನ ನೇರಕ್ಕೆ ಬೇಡ, ಒಂದಿಷ್ಟು ಬಲಕ್ಕಿರಲಿ. ನಡುವೆ ಇಟ್ಟರೆ ಲಂಗೋಟಿ ಪಟ್ಟಿಯ ಕುಣಿಕೆ ಅದರ ಮೇಲೆ ಕೂತು ತೆರೆದುಬಿಡಬಹುದು.

ಭುಜಕ್ಕೆ ದಪ್ಪ ಪ್ಯಾಡ್ ಹಾಕಿಸಿಕೊಳ್ಳಬೇಡಿ. ತೋಳು ತೂರುವ ಜಾಗವನ್ನೇ ಅದು ತಿನ್ನುತ್ತದೆ. ಮೆತ್ತನೆಯ ಅಗ್ಗದ ಪಟ್ಟಿಯೂ ಬೇಡ: ತಿರುಚಿಕೊಳ್ಳುತ್ತದೆ, ಸಾಮಾನು ಸಿಕ್ಕಿಸುವ ಡಿ-ರಿಂಗ್ ಜಾರುತ್ತದೆ. 5 ಸೆಂ.ಮೀ. ಅಗಲದ ಗಡುಸು ನೈಲಾನ್ ಪಟ್ಟಿಯೇ ಸರಿ. ಭುಜಕ್ಕೆ ಪ್ಲಾಸ್ಟಿಕ್ ಕ್ಲಿಪ್ ಹಾಕಿದರೆ ಸಲೀಸು ಎನ್ನುವವರಿದ್ದಾರೆ. ಭುಜಕ್ಕೆ ಪೆಟ್ಟಾದವರಿಗೆ ಸರಿ. ಉಳಿದವರಿಗೆ ಅದು ಮುರಿಯಬಹುದಾದ ಇನ್ನೊಂದು ವಸ್ತು ಅಷ್ಟೇ.

ತೊಡುವುದು

ಎಪಿಎಂಸಿಯಲ್ಲಿ ಹಮಾಲರು ಚೀಲ ಹೊರುವುದನ್ನು ನೋಡಿ. ನೆಲದ ಮೇಲಿನ ಚೀಲವನ್ನು ಅವರು ಬಗ್ಗಿ ಬೆನ್ನಿಗೆಳೆಯುವುದಿಲ್ಲ, ಲಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ 17 ಕೆ.ಜಿ.ಯ ಆಸುಪಾಸು, ಸ್ಟೀಲ್ ಪ್ಲೇಟ್ ಸುಮಾರು 2.5 ಕೆ.ಜಿ. ಇದನ್ನು ತಲೆಯ ಮೇಲಿಂದ ಎತ್ತಿ ಹಾಕಿಕೊಳ್ಳುವ ಸಾಹಸ ಬೇಡ. ದೋಣಿಯ ಬೆಂಚಿನ ಮೇಲೆ ಸಿಲಿಂಡರ್ ನಿಲ್ಲಿಸಿ, ಯಾರಾದರೂ ಹಿಡಿದಿರಲಿ, ನೀವು ಮುಂದೆ ಕೂರಿ.

ಮೊದಲು ಮೆದುಗೊಳವೆಗಳನ್ನು ಪಟ್ಟಿಯ ಹೊರಗೆ ಸರಿಸಿ. ಎಡಗಡೆಯ ಗೇಜ್ ಮತ್ತು ತೇಲುಚೀಲಕ್ಕೆ ಗಾಳಿ ತುಂಬುವ ಮೆದುಗೊಳವೆ ತೋಳಿನೊಂದಿಗೆ ಒಳಗೆ ಸಿಕ್ಕಿಕೊಳ್ಳುವುದೇ ಹೆಚ್ಚು. ನಂತರ ಬಲತೋಳು ಹಾಕಿ.

ಎಡತೋಳಿನ ಸರದಿ ಬಂತು, ಇಲ್ಲಿ ಅವಸರ ಬೇಡ. ಬಲಗಡೆಯ ಪಟ್ಟಿ ಭುಜದ ತುದಿಗೆ ಜಾರಿದರೆ ಸಿಲಿಂಡರ್ ಬಲಕ್ಕೆ ಎಳೆಯುತ್ತದೆ, ಎಡಗಡೆಯ ಪಟ್ಟಿ ಬೆನ್ನಿನ ಹಿಂದೆ ಅಡಗುತ್ತದೆ. ಆಗ ತೋಳು ಎಷ್ಟು ತಿರುಚಿದರೂ ಸಿಗದು. ಬಲಪಟ್ಟಿಯನ್ನು ಕತ್ತಿನ ಹತ್ತಿರಕ್ಕೆ ತಳ್ಳಿ. ಸಿಲಿಂಡರ್ ಎಡಕ್ಕೆ ಸರಿದು ಕುಣಿಕೆ ಬಾಯಿ ತೆರೆಯುತ್ತದೆ. ಈಗ ಎಡಭುಜ ಇಳಿಸಿ, ಮೊಣಕೈ ಹಿಂದಕ್ಕೆ ಒಯ್ದು, ಕೈಯನ್ನು ಕುಣಿಕೆಯೊಳಗೆ ಹಿಂದಿನಿಂದ ಮುಂದಕ್ಕೆ ತೂರಿಸಿ. ಕೈ ಮುಂದೆ, ಮೊಣಕೈ ಕೊನೆಗೆ. ಮೊಣಕೈ ಪಕ್ಕೆಲುಬಿಗೆ ಅಂಟಿದಂತಿರಲಿ, ಬಲಗೈಯಿಂದ ಪಟ್ಟಿಯನ್ನು ಅದರ ಮೇಲೆ ಎಳೆದುಕೊಳ್ಳಿ. ತೋಳನ್ನು ಅಗಲಕ್ಕೆ ಚಾಚಿದರೆ ಭುಜ ಉಬ್ಬುತ್ತದೆ, ಪಟ್ಟಿ ನಿಂತುಬಿಡುತ್ತದೆ.

ಲಂಗೋಟಿ ಪಟ್ಟಿಯನ್ನು ಮುಂದಕ್ಕೆ ತಂದು ಅದರ ಕುಣಿಕೆಯಲ್ಲಿ ಸೊಂಟದ ಪಟ್ಟಿ ಹಾಯಿಸಿ, ಬಕಲ್ ಹಾಕಿ. ಎದ್ದು ನಿಂತು ಒಮ್ಮೆ ಕುಪ್ಪಳಿಸಿ ನೋಡಿ.

ನೀರಿನಲ್ಲಿ ಬಿಚ್ಚುವುದು

ತೇಲುಚೀಲಕ್ಕೆ ನೀವು ತೇಲುವಷ್ಟು ಗಾಳಿ ತುಂಬಿ. ಜಾಕೆಟ್ ಮಾದರಿಯದಾದರೆ ತೀರಾ ಉಬ್ಬಿಸಬೇಡಿ, ಎದೆ ಹಿಂಡುತ್ತದೆ. ಉಸಿರಾಡುವ ರೆಗ್ಯುಲೇಟರ್ ಬಾಯಲ್ಲೇ ಇರಲಿ. ಮುಳುಗಲೆಂದು ಕಟ್ಟುವ ಪ್ರತ್ಯೇಕ ತೂಕದ ಬೆಲ್ಟ್ ಇದ್ದರೆ ಮೊದಲು ಅದನ್ನೇ ದೋಣಿಗೆ ಕೊಡಿ, ಇಲ್ಲದಿದ್ದರೆ ಹಾರ್ನೆಸ್ ಕಳಚಿದ ಮರುಕ್ಷಣ ಬೆಲ್ಟ್ ನಿಮ್ಮನ್ನು ಕೆಳಗೆಳೆಯುತ್ತದೆ. ತೂಕ ಹಾರ್ನೆಸ್ಸಿನಲ್ಲೇ ಇದ್ದರೆ ಉಲ್ಟಾ: ತೇಲುವ ವೆಟ್‌ಸೂಟಿನಿಂದ ನೀವು ಮೇಲೆ, ಸಾಮಾನು ಕೆಳಗೆ. ಹಾರ್ನೆಸ್ಸಿನಿಂದ ಎರಡೂ ಕೈ ಒಟ್ಟಿಗೆ ಬಿಡಬೇಡಿ.

ಬಕಲ್ ಬಿಚ್ಚಿ. ಇಲ್ಲಿ ಮೊದಲು ಎಡತೋಳು, ಯಾಕೆಂದರೆ ಉಸಿರಾಡುವ ಮೆದುಗೊಳವೆ ಬಲಭುಜದ ಮೇಲಿಂದ ಬರುತ್ತದೆ; ಬಲತೋಳು ಮೊದಲು ತೆಗೆದರೆ ಅದು ಎಳೆದು ಬಾಯಿಂದ ರೆಗ್ಯುಲೇಟರ್ ಕಿತ್ತುಕೊಳ್ಳುತ್ತದೆ. ಹೆಬ್ಬೆರಳಿನಿಂದ ಎಡಪಟ್ಟಿ ಹೊರಕ್ಕೆ ತಳ್ಳಿ, ಭುಜ ಇಳಿಸಿ; ಈ ಸಲ ಮೊಣಕೈ ಮೊದಲು, ಕೈ ಕೊನೆಗೆ. ಸಿಲಿಂಡರ್ ಬಲಗಡೆಗೆ ತಿರುಗಲಿ, ಬಲತೋಳು ತಾನೇ ಬಿಡುತ್ತದೆ. ದೋಣಿಯವರು ಹಿಡಿದ ಮೇಲಷ್ಟೇ ರೆಗ್ಯುಲೇಟರ್ ಬಾಯಿಂದ ತೆಗೆಯಿರಿ.

ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪ್ಲೇಟಿನ ಸಂದಿನಲ್ಲಿ ಹಾಯುವ ಜಾಗದಲ್ಲಿ ಪಟ್ಟಿಯ ಅಂಚು ಎಳೆ ಬಿಟ್ಟಿದ್ದರೆ ಮುಂದಿನ ಡೈವ್‌ಗೆ ಮೊದಲೇ ಹೊಸ ಪಟ್ಟಿ ಹಾಕಿಸಿ.