1.9 ಲಕ್ಷ ಕಿಲೋಮೀಟರ್ ಓಡಿದ ಸ್ಯಾಂಟ್ರೋಗೆ ಪ್ಲಗ್ ಆರಿಸಿದ್ದು

ತುಮಕೂರಿನಿಂದ ದೇವರಾಯನದುರ್ಗ ಹತ್ತುವಾಗ ನಮ್ಮ ಸ್ಯಾಂಟ್ರೋ ಕಾರು ಮಿಸ್ಸಿಂಗ್ ಹೊಡೆಯಲು (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ಎಂಜಿನ್ ಎಡವಲು) ಶುರು ಮಾಡಿತು. ಊರೊಳಗೆ ಸರಿಯಾಗೇ ಓಡುತ್ತಿತ್ತು. ಏರು ಬಂದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜರ್ಕ್. 2005ರ ಗಾಡಿ, 1.1 ಲೀಟರ್ ಎಂಜಿನ್, ಮೀಟರ್ 1.9 ಲಕ್ಷ ದಾಟಿದೆ. ಅಪ್ಪ ಕೊಂಡಿದ್ದು. ಇದನ್ನು ಮಾರುವ ಮಾತು ನಮ್ಮನೆಯಲ್ಲಿ ಇಲ್ಲ.

ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಹಾಕಿಸಿ ಎಷ್ಟು ದಿನವಾಯಿತು ಅಂತ ಅಪ್ಪನಿಗೂ ನೆನಪಿರಲಿಲ್ಲ. ಅಂಗಡಿಗೆ ಹೋಗುವ ಮುಂಚೆ ಹಳೆಯ ನಾಲ್ಕನ್ನೂ ನಾನೇ ಬಿಚ್ಚಿದೆ. ಯಾವುದು ಯಾವ ಸಿಲಿಂಡರಿನದು ಅಂತ ಗೊತ್ತಾಗಲು ರಟ್ಟಿನ ಮೇಲೆ ನಂಬರ್ ಬರೆದು ಸಾಲಾಗಿ ಜೋಡಿಸಿಟ್ಟೆ. ಪ್ಲಗ್ ಬದಲಿಸುವವರು ದಯವಿಟ್ಟು ಇಷ್ಟು ಮಾಡಿ. ಎಂಜಿನ್ ಬಿಚ್ಚದೆ ಅದರ ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಮೂರು ಪ್ಲಗ್‌ಗಳ ತುದಿ ತಿಳಿ ಕಂದು ಬಣ್ಣಕ್ಕಿತ್ತು. ಅಂದರೆ ಉರಿ ಸರಿಯಾಗಿದೆ. ಆದರೆ ಚೂಪಾಗಿರಬೇಕಾದ ಅಂಚೆಲ್ಲ ಸವೆದು ಗುಂಡಗಾಗಿತ್ತು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರೆ ಕಿಡಿ ಹಾರುವ ಗ್ಯಾಪ್ 1.4 ಮಿ.ಮೀ. ಹತ್ತಿರ. ಇರಬೇಕಾದ್ದು 1.0ರಿಂದ 1.1. ಏರಿನಲ್ಲಿ ಮಾತ್ರ ಯಾಕೆ ತೊಂದರೆ ಅಂತ ಆಗ ಅರ್ಥವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಒತ್ತಡ ಏರಿದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಕೂಡ ಅಗಲವಾಗಿದ್ದರೆ ಆ ವೋಲ್ಟೇಜ್ ಹುಟ್ಟಿಸುವ ಹಳೆ ಕಾಯಿಲ್‌ಗೆ, ಹಳೆ ವೈರ್‌ಗೆ ಅಷ್ಟು ಕೊಡಲು ಆಗುವುದಿಲ್ಲ.

ಮೂರನೇ ಸಿಲಿಂಡರಿನ ಪ್ಲಗ್ ಬೇರೆಯೇ ಇತ್ತು. ಕಪ್ಪಗೆ, ಒದ್ದೆಯಾಗಿ, ಮುಟ್ಟಿದರೆ ಜಿಡ್ಡು. ಒಣ ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅನುಮಾನ ಪಡಬಹುದಿತ್ತು. ಜಿಡ್ಡು ಅಂದರೆ ಆಯಿಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬರುತ್ತಿದ್ದದ್ದು ಇದಕ್ಕೇ. ಗ್ಯಾರೇಜಿನಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿದೆ. ನಾಲ್ಕೂ ಸರಿಸುಮಾರು ಒಂದೇ ಬಂತು. ಪಿಸ್ಟನ್ ರಿಂಗ್ ಸವೆದಿದ್ದರೆ ಮೂರರಲ್ಲಿ ಒತ್ತಡ ಕಡಿಮೆ ಬರುತ್ತಿತ್ತು. ಹಾಗಾಗಿ ರಿಂಗ್ ಮೇಲೆ ಅನುಮಾನ ಕಡಿಮೆಯಾಯಿತು, ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ವಾಲ್ವ್ ಸೀಲ್ ಮೇಲೆ ಜಾಸ್ತಿಯಾಯಿತು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಸೀಲ್ ಪಕ್ಕದಿಂದ ಹನಿಹನಿಯಾಗಿ ಇಳಿದಿರುತ್ತದೆ, ಬೆಳಿಗ್ಗೆ ಅದು ಉರಿದು ಹೊಗೆಯಾಗುತ್ತದೆ.

ಇಲ್ಲಿ ಒಬ್ಬ ಮೆಕ್ಯಾನಿಕ್ ಕೊಟ್ಟ ಸಲಹೆ ನಾನು ಒಪ್ಪಲಿಲ್ಲ. "ಸರ್, ಆ ಒಂದಕ್ಕೆ ಹಾಟ್ ಪ್ಲಗ್ ಹಾಕಿಬಿಡಿ, ಆಯಿಲ್ ತಾನೇ ಸುಟ್ಟುಹೋಗತ್ತೆ" ಅಂದರು. ಹಾಟ್ ಪ್ಲಗ್ ಅಂದರೆ ತುದಿಯ ಬಿಸಿಯನ್ನು ನಿಧಾನವಾಗಿ ಬಿಡುವ, ಹಾಗಾಗಿ ಜಾಸ್ತಿ ಬಿಸಿಯಾಗಿರುವ ಪ್ಲಗ್. ಅವರ ಮಾತಿನಲ್ಲಿ ತರ್ಕ ಇದೆ. ಪ್ಲಗ್ ತುದಿ ಸುಮಾರು 450 ಡಿಗ್ರಿ ದಾಟಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಡುತ್ತದೆ. ಆದರೆ 800 ಡಿಗ್ರಿ ಮೀರಿದರೆ ಕಿಡಿ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ ಶುರು. ಏಪ್ರಿಲ್ ಬಿಸಿಲಲ್ಲಿ, ಎಸಿ ಹಾಕಿಕೊಂಡು, ಐದು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವ ಗಾಡಿ ಇದು. ಸೀಲಿನ ಕಾಯಿಲೆಯನ್ನು ಪ್ಲಗ್‌ನಿಂದ ಮುಚ್ಚಿ, ಪಿಸ್ಟನ್ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ನನ್ನ ಗಾಡಿಗೆ ಬರುವುದು ಎನ್‌ಜಿಕೆ ಕಂಪನಿಯ ಬಿಕೆಆರ್5ಇಎಸ್-11. ಇದರಲ್ಲಿ 5 ಅನ್ನುವುದು ಹೀಟ್ ನಂಬರ್ (ಪ್ಲಗ್ ಎಷ್ಟು ಬಿಸಿ, ಎಷ್ಟು ತಣ್ಣಗೆ ಅನ್ನುವ ಗುರುತು), ಕೊನೆಯ 11 ಅಂದರೆ ಗ್ಯಾಪ್ 1.1 ಮಿ.ಮೀ. 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ. ಅದಿಲ್ಲದ ಪ್ಲಗ್ ಹಾಕಿದರೆ ರೇಡಿಯೋ ಕರಕರ ಅನ್ನುತ್ತದೆ, ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್ ಆದ ಇಸಿಯುಗೂ ತೊಂದರೆ ಆಗಬಹುದು. ಕಂಪನಿ ಬದಲಿಸುವವರು ಹೀಟ್ ನಂಬರ್ ಬಗ್ಗೆ ಎಚ್ಚರ ವಹಿಸಿ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಉಲ್ಟಾ. ಎನ್‌ಜಿಕೆಯ 5ಕ್ಕೆ ಬಾಷ್‌ನಲ್ಲಿ ಸುಮಾರು 8 ಹೊಂದುತ್ತದೆ. ಬರೀ ನಂಬರ್ ನೋಡಿ 5ಕ್ಕೆ 5 ಅಂತ ತಂದರೆ ತೀರಾ ತಣ್ಣನೆಯ ಪ್ಲಗ್ ತಂದ ಹಾಗೆ, ಬೇಗ ಮಸಿ ಹಿಡಿಯುತ್ತದೆ.

ಗಾಡಿ ಬಿಡಿಭಾಗ ಸಿಗುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ, ತುದಿಗೆ ಇರಿಡಿಯಂ ಲೋಹ ಇರುವ ಪ್ಲಗ್ ತೆಗೆದುಕೊಳ್ಳುವ ಆಸೆ ನನಗೂ ಆಯಿತು. ಒಂದು ಇರಿಡಿಯಂ ದುಡ್ಡಿಗೆ ಮಾಮೂಲಿ ನಿಕ್ಕಲ್ ಪ್ಲಗ್ ನಾಲ್ಕು ಬರುತ್ತಿತ್ತು. ಇರಿಡಿಯಂನ ನಿಜವಾದ ಲಾಭ ಬಾಳಿಕೆ. ಆದರೆ ಆಯಿಲ್ ಕುಡಿಯುವ ಸಿಲಿಂಡರಿನಲ್ಲಿ ಪ್ಲಗ್ ಸವೆದು ಸಾಯುವುದಿಲ್ಲ, ಜಿಡ್ಡು ಹಿಡಿದು ಸಾಯುತ್ತದೆ. ಜಿಡ್ಡಿಗೆ ಇರಿಡಿಯಂ ಆದರೇನು, ನಿಕ್ಕಲ್ ಆದರೇನು?

ಇನ್ನೂ ಒಂದು ವಿಷಯ ಇತ್ತು. ಈ ಎಂಜಿನ್‌ನಲ್ಲಿ ಒಂದು ಕಾಯಿಲ್ ಎರಡು ಪ್ಲಗ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ: 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯಲ್ಲಿ ಒಂದು ಪ್ಲಗ್‌ಗೆ ಕಿಡಿ ನಡುವಿನ ಕಡ್ಡಿಯಿಂದ ಪಕ್ಕದ ಬಾಗಿದ ಪಟ್ಟಿಗೆ ಹಾರಿದರೆ, ಇನ್ನೊಂದಕ್ಕೆ ಪಟ್ಟಿಯಿಂದ ಕಡ್ಡಿಗೆ. ಹಾಗಾಗಿ ನಾಲ್ಕರಲ್ಲಿ ಎರಡು ಪ್ಲಗ್‌ಗಳಲ್ಲಿ, ಅಂದರೆ ಪ್ರತಿ ಜೋಡಿಯ ಒಂದರಲ್ಲಿ, ಪಟ್ಟಿಯೇ ಜಾಸ್ತಿ ಸವೆಯುತ್ತದೆ. ನಡುವಿನ ಕಡ್ಡಿಗೆ ಮಾತ್ರ ಇರಿಡಿಯಂ ಇರುವ ಪ್ಲಗ್ ಆ ಎರಡು ಕಡೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಇದನ್ನೆಲ್ಲ ಯೋಚಿಸಿ ನಿಕ್ಕಲ್ ಪ್ಲಗ್ ಐದು ತಂದೆ. ನಾಲ್ಕು ಹಾಕಲು, ಒಂದು ಡಿಕ್ಕಿಯಲ್ಲಿಡಲು. ನಕಲಿ ಮಾಲಿನ ಭಯ ಇದ್ದದ್ದರಿಂದ ಬಿಲ್ ಕೇಳಿದೆ, ಪಿಂಗಾಣಿ ಮೇಲಿನ ಅಕ್ಷರ ಸ್ಪಷ್ಟವಾಗಿದೆಯಾ, ವಾಷರ್ ಕಳಚಿ ಕೈಗೆ ಬರುತ್ತದಾ ಅಂತ ನೋಡಿದೆ. ಅಸಲಿ ಪ್ಲಗ್‌ನಲ್ಲಿ ವಾಷರ್ ಸುಲಭವಾಗಿ ಕಳಚುವುದಿಲ್ಲ.

ಹಾಕುವ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಳಿಗ್ಗೆಯೇ ಮಾಡಿದೆ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಥ್ರೆಡ್ ಹೋದರೆ ದೊಡ್ಡ ಖರ್ಚು. ಪ್ಲಗ್‌ನ ಹಿಂಬದಿಗೆ ಗೇಣುದ್ದದ ಪೆಟ್ರೋಲ್ ಪೈಪ್ ಸಿಕ್ಕಿಸಿ, ಅದನ್ನೇ ಬೆರಳಲ್ಲಿ ತಿರುಗಿಸಿದೆ. ಥ್ರೆಡ್ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ. ವಾಷರ್ ತಾಗಿದ ಮೇಲೆ ಸ್ಪ್ಯಾನರ್‌ನಿಂದ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಥ್ರೆಡ್‌ಗೆ ಗ್ರೀಸ್, ಆಯಿಲ್ ಏನೂ ಹಚ್ಚಲಿಲ್ಲ. ಹಚ್ಚಿದರೆ ಗೊತ್ತಿಲ್ಲದೇ ಬೇಕಾದ್ದಕ್ಕಿಂತ ಟೈಟ್ ಆಗುತ್ತದೆ. ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ಎಚ್‌ಟಿ ವೈರ್‌ಗಳ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಆ ಸೆಟ್ಟನ್ನೂ ಬದಲಿಸಿದೆ.

ಮುಂದಿನ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋದೆ. ಮಿಸ್ಸಿಂಗ್ ಇಲ್ಲ. 3,000 ಕಿ.ಮೀ. ಆದ ಮೇಲೆ ಮೂರನೇ ಪ್ಲಗ್ ಬಿಚ್ಚಿದೆ, ತುದಿಯಲ್ಲಿ ಮತ್ತೆ ಜಿಡ್ಡು ಕಾಣಿಸಿತು. ಅದನ್ನು ಎರಡನೇ ಸಿಲಿಂಡರಿಗೆ, ಎರಡನೆಯದನ್ನು ಮೂರಕ್ಕೆ ಹಾಕಿ ಒಂದು ವಾರ ಓಡಿಸಿದೆ. ಈ ಸಲವೂ ಒದ್ದೆಯಾದದ್ದು ಮೂರರಲ್ಲಿದ್ದ ಪ್ಲಗ್ಗೇ. ಮಳೆಗಾಲ ಮುಗಿದ ಮೇಲೆ ವಾಲ್ವ್ ಸೀಲ್ ಹಾಕಿಸಲು ಗ್ಯಾರೇಜಿಗೆ ಹೇಳಿಟ್ಟಿದ್ದೇನೆ. ಐದನೇ ಪ್ಲಗ್ ಡಿಕ್ಕಿಯಲ್ಲಿದೆ, ಜೊತೆಗೆ ಆ ಪೈಪಿನ ತುಂಡು.