ಇಂಚುಟೇಪು ಹಿಡಿದು ಅಲಾಸ್ಕಾಗೆ: ವೀಲ್‌ಚೇರ್ ಜೊತೆ ನನ್ನ ಹಡಗು ಪ್ರವಾಸ

ನನ್ನ ವೀಲ್‌ಚೇರ್‌ನ ಅಗಲ 25 ಇಂಚು. ಸೀಟಿನ ಎತ್ತರ 19 ಇಂಚು. ನಿಂತಲ್ಲೇ ಒಂದು ಸುತ್ತು ತಿರುಗಲು 5 ಅಡಿ ಜಾಗ ಬೇಕು. ಈ ಮೂರು ಅಳತೆ ನನಗೆ ಮನೆಯ ಫೋನ್ ನಂಬರಿನಷ್ಟೇ ಬಾಯಿಪಾಠ. ಮೂರನೇ ವರ್ಷಕ್ಕೆ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಐವತ್ತರವರೆಗೆ ಕಾಲಿಗೆ ಕ್ಯಾಲಿಪರ್ ಎಂಬ ಆಸರೆ ಪಟ್ಟಿ ಹಾಕಿಕೊಂಡು ಊರುಗೋಲಿನಲ್ಲಿ ಓಡಾಡಿದೆ. ಆಮೇಲೆ ಭುಜದ ನೋವು ಜಾಸ್ತಿಯಾಗಿ ಕುರ್ಚಿಗೆ ಬಂದೆ.

ಸಿಯಾಟಲ್‌ನಲ್ಲಿರುವ ತಂಗಿ ಒಂದು ದಿನ ಫೋನ್ ಮಾಡಿ, "ಅಕ್ಕಾ, ಎಲ್ಲರೂ ಸೇರಿ ಕ್ರೂಸ್ ಹೋಗೋಣ, ನಿನಗೆ ಪ್ರತಿ ದಿನ ಹೋಟೆಲ್ ಬದಲಾಯಿಸೋ ಕಷ್ಟ ಇರಲ್ಲ" ಎಂದಳು. ಸರಿ ಎನ್ನಿಸಿತು. ನಮ್ಮೂರಿನ ಒಬ್ಬ ಏಜೆಂಟರ ಬಳಿ ಗ್ರೀಸ್ ದ್ವೀಪಗಳ ಪ್ರವಾಸಕ್ಕೆ ಮುಂಗಡ ಕಟ್ಟಿದೆವು. "ವೀಲ್‌ಚೇರ್‌ಗೆ ಎಲ್ಲಾ ಆಗುತ್ತೆ ಮೇಡಂ, ಹಡಗಿನಲ್ಲಿ ಲಿಫ್ಟ್ ಇದೆ" ಎಂದಿದ್ದರು. ನಾನೂ ನಂಬಿದೆ. ಹಡಗಿನ ಕೋಣೆಯ ನಕ್ಷೆ ಕೈಗೆ ಬಂದ ಮೇಲೆ ನೋಡಿದರೆ ಬಾಗಿಲಿನ ಅಗಲ 23 ಇಂಚು! ಬಚ್ಚಲಿಗೆ ನಾಲ್ಕೈದು ಇಂಚಿನ ಹೊಸ್ತಿಲು. ಇನ್ನೂ ಮುಖ್ಯವಾದದ್ದು, ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ. ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ಜನರನ್ನು ಇಳಿಸುತ್ತಾರೆ. ತೂಗಾಡುವ ದೋಣಿಗೆ ಕುರ್ಚಿ ದಾಟಿಸುವುದು ಸುಲಭದ ಮಾತಲ್ಲ. ಮುಂಗಡ ಹೋಯಿತು. ಆ ದುಃಖ ಈಗಲೂ ಇದೆ, ಆದರೆ ಅಲ್ಲಿಂದ ನಾನು "ಆಗುತ್ತಾ?" ಎಂದು ಕೇಳುವುದನ್ನು ಬಿಟ್ಟು "ಎಷ್ಟು ಇಂಚು?" ಎಂದು ಕೇಳಲು ಶುರುಮಾಡಿದೆ.

ಅಲಾಸ್ಕಾ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಸಿಯಾಟಲ್‌ನಿಂದ ಏಳು ದಿನದ ದಾರಿ. ದಾರಿಯಲ್ಲಿ ಸಿಗುವ ಕೆಚಿಕನ್, ಜುನೋ, ಸ್ಕ್ಯಾಗ್ವೇ ಎಂಬ ಮೂರು ಬಂದರು ಊರುಗಳಲ್ಲೂ ಸಾಮಾನ್ಯವಾಗಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ. ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯಲ್ಲಿ ಯಾರೂ ಇಳಿಯುವುದೇ ಇಲ್ಲ, ಎಲ್ಲರೂ ಡೆಕ್‌ನಿಂದಲೇ ನೋಡಬೇಕು. ಹಿಮನದಿಯ ಮುಂದೆ ನನಗೂ ಓಡಾಡುವವರಿಗೂ ಒಂದೇ ಜಾಗ. ಅಷ್ಟು ಸಾಕಿತ್ತು ನನಗೆ.

ಈ ಸಲ ಹಡಗು ಕಂಪನಿಯಲ್ಲಿ ಅಂಗವಿಕಲ ಪ್ರಯಾಣಿಕರಿಗೆಂದೇ ಇರುವ ವಿಭಾಗಕ್ಕೆ ತಂಗಿಯೇ ಫೋನ್ ಮಾಡಿದಳು, ನಾನು ವಾಟ್ಸಾಪ್‌ನಲ್ಲಿ ಕೇಳಿಸಿಕೊಳ್ಳುತ್ತಾ ಪ್ರಶ್ನೆ ಹೇಳಿಕೊಟ್ಟೆ. ಬಾಗಿಲು 32 ಇಂಚು, ಸರಿ. ಸ್ನಾನಕ್ಕೆ ಹೊಸ್ತಿಲಿಲ್ಲದೆ ಕುರ್ಚಿ ಸಮೇತ ಒಳಗೆ ಹೋಗುವ ಜಾಗ, ಮಡಚುವ ಸೀಟು, ಹಿಡಿಕೆ, ಸರಿ. ಮಂಚದ ಎತ್ತರ? ಅವರಿಗೆ ಗೊತ್ತಿರಲಿಲ್ಲ, ಎರಡು ದಿನ ಬಿಟ್ಟು ಅಳೆದು ತಿಳಿಸಿದರು: 22. ನನ್ನ ಸೀಟಿಗಿಂತ 3 ಇಂಚು ಜಾಸ್ತಿ. ಮೇಲಿನ ದಪ್ಪ ಹಾಸು ತೆಗೆಸಿಕೊಡಿ ಎಂದು ಆಗಲೇ ಬರೆಸಿದೆವು. ಬಾಲ್ಕನಿಯ ಕಂಬಿಯ ಬಗ್ಗೆ ಕೇಳಿದಾಗ ಫೋನಿನಲ್ಲಿದ್ದ ಹೆಣ್ಣುಮಗಳಿಗೆ ಆಶ್ಚರ್ಯವಾಯಿತು. ಕುರ್ಚಿಯಲ್ಲಿ ಕೂತರೆ ನನ್ನ ಕಣ್ಣು ಮೂರೂವರೆ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಕಬ್ಬಿಣದ ತಡೆಗೋಡೆಯಾದರೆ ಏಳು ದಿನವೂ ಅದನ್ನೇ ನೋಡಬೇಕು, ಅಲ್ವಾ? ಗಾಜಿನದು ಇರುವ ಕೋಣೆಯನ್ನೇ ಹಿಡಿದೆವು.

ಇಂಥ ಕೋಣೆಗಳು ಮೂರು ಸಾವಿರ ಜನರ ಹಡಗಿನಲ್ಲೂ ಬೆರಳೆಣಿಕೆಯಷ್ಟೇ. ನಾವು 11 ತಿಂಗಳು ಮೊದಲೇ ತೆಗೆದುಕೊಂಡೆವು. ಸೌಲಭ್ಯಕ್ಕೆಂದು ಹೆಚ್ಚಿನ ದುಡ್ಡು ಕೊಡಲಿಲ್ಲ. ಅಮೆರಿಕದ ನೀರಿನಲ್ಲಿ ಓಡಾಡುವ ಹಡಗು ಬೇರೆ ದೇಶದ ಬಾವುಟ ಹಾರಿಸಿದರೂ ಅಲ್ಲಿನ ಅಂಗವಿಕಲರ ಕಾಯ್ದೆ ಅನ್ವಯಿಸುತ್ತದೆ ಎಂದು 2005ರಲ್ಲೇ ಅವರ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹಕ್ಕು ಎಂದು ಗೊತ್ತಿದ್ದರೆ ಫೋನಿನಲ್ಲಿ ದನಿ ತಾನಾಗಿ ಗಟ್ಟಿಯಾಗುತ್ತದೆ.

ವೀಸಾ ಎರಡು ಬೇಕು. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಅಮೆರಿಕದಲ್ಲಿ ಹೊರಟು ಅಲ್ಲಿಗೇ ವಾಪಸಾಗುವಾಗ ಮಧ್ಯೆ ಒಂದು ವಿದೇಶಿ ಬಂದರಿನಲ್ಲಿ ನಿಲ್ಲಲೇಬೇಕು. ಇದಕ್ಕೆ ಮೂಲ 1886ರ ಕಾನೂನು. ಹಾಗಾಗಿ ಕೊನೆಗೆ ಕೆನಡಾದ ವಿಕ್ಟೋರಿಯಾಕ್ಕೆ ಕೆಲವು ಗಂಟೆ ಹೋಗುತ್ತದೆ. ಇಳಿಯದಿದ್ದರೂ ನಮ್ಮ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕೇ ಬೇಕು.

ವಿಮಾನದ ಟಿಕೆಟ್‌ನಲ್ಲಿ ಸುಮ್ನೆ "ವೀಲ್‌ಚೇರ್" ಎಂದು ಬರೆಸಬೇಡಿ, ಸರಿಯಾದ ಸಂಕೇತ ಬರೆಸಿ. ಡಬ್ಲ್ಯೂಸಿಎಚ್‌ಆರ್ ಅಂದರೆ ಮೆಟ್ಟಿಲು ಹತ್ತಬಲ್ಲವರು, ಡಬ್ಲ್ಯೂಸಿಎಚ್‌ಎಸ್ ಅಂದರೆ ಮೆಟ್ಟಿಲು ಆಗದವರು, ಡಬ್ಲ್ಯೂಸಿಎಚ್‌ಸಿ ಅಂದರೆ ಸೀಟಿನವರೆಗೂ ಕರೆದೊಯ್ಯಬೇಕಾದವರು. ನನ್ನದು ಮೂರನೆಯದು. ಕುರ್ಚಿಯನ್ನು ವಿಮಾನದ ಬಾಗಿಲಿನಲ್ಲೇ ಒಪ್ಪಿಸಿದೆ. ಅದಕ್ಕೂ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಕುರ್ಚಿಯ ಸೀಟಿನ ದಿಂಬನ್ನು ಜೊತೆಗೇ ಇಟ್ಟುಕೊಂಡೆ. ಹಡಗು ಹೊರಡುವ ಮೂರು ದಿನ ಮೊದಲೇ ಸಿಯಾಟಲ್ ತಲುಪಿದೆವು. ಕುರ್ಚಿಗೆ ಏನಾದರೂ ಆದರೆ ರಿಪೇರಿಗೆ ಸಮಯ ಬೇಕಲ್ಲ, ಹಡಗು ಕಾಯುವುದಿಲ್ಲ.

ಹತ್ತಿದ ದಿನವೇ ಸುರಕ್ಷತೆಯ ಡ್ರಿಲ್ ಇರುತ್ತದೆ. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. "ನನ್ನನ್ನು ಯಾರು, ಹೇಗೆ ಇಳಿಸುತ್ತೀರಿ?" ಎಂದು ಕೇಳಿದೆ. ಮೆಟ್ಟಿಲಿನಲ್ಲಿ ಇಳಿಸುವ ಕುರ್ಚಿ ತೋರಿಸಿ, ಸಹಾಯ ಬೇಕಾದವರ ಪಟ್ಟಿಯಲ್ಲಿ ನನ್ನ ಕೋಣೆ ಸಂಖ್ಯೆ ಇರುವುದನ್ನೂ ತೋರಿಸಿದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೆಚಿಕನ್‌ನಲ್ಲಿ ಮಳೆ. ತೀರ್ಥಹಳ್ಳಿಯಲ್ಲಿ ಬೆಳೆದ ನನಗೆ ಮಳೆ ಹೊಸದಲ್ಲ, ಒದ್ದೆ ಚಕ್ರ ಹೊಸದು. ಕೈಯಿಂದ ತಳ್ಳುವ ಕಂಬಿ ಸೋಪು ಹಚ್ಚಿದಂತೆ ಜಾರುತ್ತಿತ್ತು, ಅಂಗೈ ಒತ್ತಿದರೂ ಕುರ್ಚಿ ನಿಲ್ಲಲಿಲ್ಲ. ಯಜಮಾನರು ಹಿಂದಿನಿಂದ ಹಿಡಿದುಕೊಂಡರು. ರಬ್ಬರ್ ಹಿಡಿತದ ಕೈಗವಸು ಮರೆಯಬೇಡಿ. ಇನ್ನೊಂದು ವಿಷಯ ಸಮುದ್ರದ ಉಬ್ಬರ ಇಳಿತ. ಆ ಕರಾವಳಿಯಲ್ಲಿ ನೀರು 15ರಿಂದ 20 ಅಡಿಯವರೆಗೆ ಏರಿ ಇಳಿಯುತ್ತದೆ. ಅದರ ಜೊತೆ ದಡಕ್ಕೆ ಹೋಗುವ ದಾರಿಯ ಇಳಿಜಾರೂ ಬದಲಾಗುತ್ತದೆ. ನಾವು ಇಳಿಯಲು ಹೋದಾಗ ತೀರಾ ಕಡಿದಾಗಿತ್ತು. ಎರಡು ಗಂಟೆ ಕಾದೆವು, ಅದೇ ದಾರಿ ಆರಾಮಾಗಿ ದಾಟಿದೆವು. ಮುಂದಿನ ಊರುಗಳಿಗೆ ಇಳಿಯುವ ಸಮಯವನ್ನು ಉಬ್ಬರದ ಪಟ್ಟಿ ನೋಡಿಯೇ ಗೊತ್ತುಮಾಡಿದೆ.

ಜುನೋದಲ್ಲಿ ಸುಮ್ಮನೆ ಊರು ಸುತ್ತಿದೆವು. ಸ್ಕ್ಯಾಗ್ವೇ ಬಗ್ಗೆ ಭಯವಿತ್ತು. ನಾವು ಹೋದ 2023ರಲ್ಲಿ ಬಂಡೆ ಉರುಳುವ ಅಪಾಯದಿಂದ ಅಲ್ಲಿ ಹಡಗು ನಿಲ್ಲುವ ಒಂದು ಜಾಗ (ಬರ್ತ್) ಮುಚ್ಚಿ, ಕೆಲವು ಹಡಗಿನವರು ಟೆಂಡರ್ ಬಳಸುತ್ತಿದ್ದರು. ಹಿಂದಿನ ದಿನ ಎರಡು ಸಲ ವಿಚಾರಿಸಿದೆ, ನಮ್ಮದು ಕಟ್ಟೆಗೇ ನಿಂತಿತು. ಅಲ್ಲಿನ ವೈಟ್ ಪಾಸ್ ರೈಲಿನಲ್ಲಿ ಕುರ್ಚಿ ಎತ್ತುವ ಲಿಫ್ಟ್ ಇದೆ, ಮೊದಲೇ ಹೇಳಿಡಬೇಕು. ಚಿನ್ನದ ಹುಚ್ಚಿನ ಕಾಲದಲ್ಲಿ, 1900ರಲ್ಲಿ ಮುಗಿದ ದಾರಿ ಅದು. 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಕಿಟಕಿಯ ಪಕ್ಕದಲ್ಲೇ ಕೂತು ಕೆಳಗಿನ ಕಣಿವೆ ನೋಡುತ್ತಿದ್ದರೆ ಊಟ ಬೇಡ ಎನ್ನಿಸಿತು.

ಗ್ಲೇಸಿಯರ್ ಬೇ ದಿನ ಬೆಳಿಗ್ಗೆ ಅಲ್ಲಿನ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ದೋಣಿಯಲ್ಲಿ ಬಂದು ಹಡಗು ಹತ್ತಿದರು. ಮಾರ್ಜರಿ ಹಿಮನದಿಯ ಮುಂದೆ ಹಡಗು ಬಹಳ ಹೊತ್ತು ನಿಂತಿತು. ಸುಮಾರು ಒಂದು ಮೈಲಿ ಅಗಲದ ನೀಲಿ ಗೋಡೆ. ಒಂದು ತುಂಡು ಸದ್ದಿಲ್ಲದೆ ಕಳಚಿ ಬಿದ್ದದ್ದು ಕಂಡಿತು, ಗುಡುಗು ಆಮೇಲೆ ಬಂತು. ತಂಗಿ ಮೇಲಿನ ಡೆಕ್‌ಗೆ ಓಡಿದಳು. ನಾನು ಬಾಲ್ಕನಿಯಲ್ಲಿ ಬ್ರೇಕ್ ಹಾಕಿ, ಗಾಜಿಗೆ ಮೊಣಕಾಲು ತಾಗಿಸಿ ಕೂತಿದ್ದೆ. ಎರಡೂ ಬದಿಯವರಿಗೆ ಕಾಣಲಿ ಎಂದು ಹಡಗು ಅಲ್ಲೇ ನಿಧಾನವಾಗಿ ತಿರುಗತೊಡಗಿತು. ನಾನು ಕದಲಲಿಲ್ಲ.